ಕೈಯಲ್ಲಿ ಕಟ್ಟಿದ ವಿಂಡ್‌ಸರ್ಫ್ ಬೋರ್ಡಿಗೆ 3,200 ಯೂರೋ ಕೊಡಬಹುದಾ?

ಓದುಗರ ಪ್ರಶ್ನೆ: ನಾನು ಬ್ರಹ್ಮಾವರದವನು. ಈಗ ನೆದರ್ಲೆಂಡ್ಸ್‌ನ ಆಲ್ಮೇರೆಯಲ್ಲಿ ಕೆಲಸ. ವಯಸ್ಸು 39, ತೂಕ 84 ಕಿಲೊ. ನಾಲ್ಕು ಬೇಸಿಗೆಯಿಂದ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಮಾಡುತ್ತಿದ್ದೇನೆ. ಹಾರ್ನೆಸ್ (ಹಾಯಿಯ ಎಳೆತವನ್ನು ಸೊಂಟಕ್ಕೆ ತರುವ ಪಟ್ಟಿ) ಹಾಕಿಕೊಂಡು, ಎರಡೂ ಕಾಲು ಬೋರ್ಡಿನ ಸ್ಟ್ರ್ಯಾಪಿಗೆ ಸೇರಿಸಿ ವೇಗವಾಗಿ ಹೋಗುವುದು ಅಭ್ಯಾಸವಾಗಿದೆ. ಆಳದ ನೀರಿನಲ್ಲಿ ವಾಟರ್‌ಸ್ಟಾರ್ಟ್ (ನೀರಿನಲ್ಲಿದ್ದೇ ಹಾಯಿಯ ಎಳೆತದಿಂದ ಬೋರ್ಡ್ ಏರುವುದು) ಬರುತ್ತದೆ. ಆದರೆ ಜೈಬ್ ಮಾಡಿ, ಅಂದರೆ ಗಾಳಿಯನ್ನು ಬೆನ್ನಿಗೆ ಹಾಕಿ ದಿಕ್ಕು ತಿರುಗುವಾಗ, ಹತ್ತರಲ್ಲಿ ಏಳು ಸಲ ಬೀಳುತ್ತೇನೆ. ಈಗ ಇರುವುದು ಹಳೆಯ ಫ್ರೀರೈಡ್ (ಸಾಮಾನ್ಯ ಸವಾರಿಯ) ಬೋರ್ಡ್. ಇಲ್ಲಿನ ಒಬ್ಬ ಶೇಪರ್ (ಬೋರ್ಡ್ ಕಟ್ಟುವವರು) ನನ್ನ ತೂಕಕ್ಕೆ ಸರಿಯಾಗಿ 112 ಲೀಟರ್ ಗಾತ್ರದ ಪೂರ್ತಿ ಕಾರ್ಬನ್ ಸ್ಲಾಲಂ (ವೇಗದ ರೇಸಿನ) ಬೋರ್ಡ್ ಕಟ್ಟಿಕೊಡಲು 3,200 ಯೂರೋ ಕೇಳಿದ್ದಾರೆ. ಅದರ ಜೊತೆಗೆ ನಾಲ್ಕು ಕ್ಯಾಂಬರಿನ (ಹಾಯಿಯ ಉಬ್ಬು ಹಿಡಿದಿಡುವ ತುಂಡುಗಳು) 7.8 ಚದರ ಮೀಟರ್ ರೇಸ್ ಹಾಯಿ 1,350, ನೂರು ಪರ್ಸೆಂಟ್ ಕಾರ್ಬನ್ ಮಾಸ್ಟ್ (ಹಾಯಿಯ ಕಂಬ) 900, ಕಾರ್ಬನ್ ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) 950, ಕೈಯಲ್ಲಿ ಮಾಡಿದ ಫಿನ್ (ಬೋರ್ಡಿನ ಹಿಂದಿನ ತಳದ ರೆಕ್ಕೆ) 450, ಮಾಸ್ಟನ್ನು ಬೋರ್ಡಿಗೆ ಜೋಡಿಸುವ ಬೇಸು, ಎಕ್ಸ್‌ಟೆನ್ಷನ್ ಎಲ್ಲ ಸೇರಿ 200. ಒಟ್ಟು 7,050 ಯೂರೋ! ನಮ್ಮೂರ ಲೆಕ್ಕದಲ್ಲಿ ಏಳು ಲಕ್ಷದ ಹತ್ತಿರ. "ಇದಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರ್ತಿತ್ತು" ಎಂದು ಹೆಂಡತಿ ನಗುತ್ತಾಳೆ. ಕ್ಲಬ್ಬಿನಲ್ಲಿ ಒಬ್ಬರು, "ಎಲ್ಲ ಬೋರ್ಡೂ ಥಾಯ್ಲೆಂಡಿನ ಒಂದೇ ಫ್ಯಾಕ್ಟರಿಯಿಂದ ಬರೋದು, ಬ್ರಾಂಡಿಗೆ ಕೊಡೋದು ಸ್ಟಿಕರ್ ದುಡ್ಡು, ಹಾಗಾಗಿ ಕಸ್ಟಮ್ಮೇ ತಗೊಳ್ಳಿ, ಜೀವನಪೂರ್ತಿ ಬಾಳುತ್ತೆ" ಅನ್ನುತ್ತಾರೆ. ಇನ್ನೊಬ್ಬರು, "ಶೇಪರ್‌ಗಳೆಲ್ಲ ಸುಲಿಗೆ" ಅನ್ನುತ್ತಾರೆ. ಯಾರ ಮಾತು ಕೇಳಲಿ? ಇದರಿಂದ ನನ್ನ ವೇಗ ಹೆಚ್ಚುತ್ತದಾ? ಎರಡು ವರ್ಷ ಬಿಟ್ಟು ಊರಿಗೆ ವಾಪಸು ಹೋಗುವ ಯೋಚನೆಯೂ ಇದೆ. ಮಲ್ಪೆಗೆ ತೆಗೆದುಕೊಂಡು ಹೋದರೆ ಉಪಯೋಗಕ್ಕೆ ಬರುತ್ತದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಶೇಪರ್ ನಿಮಗೆ ಟೋಪಿ ಹಾಕುತ್ತಿಲ್ಲ. ಅವರು ಕೇಳಿದ ಬೆಲೆ ನ್ಯಾಯವಾಗಿಯೇ ಇದೆ. ಆದರೆ ಆ ಬೋರ್ಡ್ ಈಗ ನಿಮಗೆ ಬೇಡ.

ಬೆಲೆ ಸರಿಯಾ ಅನ್ನೋದು ಒಂದು ಪ್ರಶ್ನೆ, ನನಗೆ ಬೇಕಾ ಅನ್ನೋದು ಇನ್ನೊಂದು. ಕ್ಲಬ್ಬಿನ ಮಾತುಕತೆಯಲ್ಲಿ ಎರಡೂ ಕಲಸಿಹೋಗುತ್ತವೆ. ಅದಕ್ಕೇ ಒಬ್ಬರು ಸುಲಿಗೆ ಅಂತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ತಗೊಳ್ಳಿ ಅಂತಾರೆ. ನಾನು ಬೋರ್ಡ್ ಕಟ್ಟುವ ಕೆಲಸವನ್ನೂ ರಿಪೇರಿ ಕೆಲಸವನ್ನೂ ಮಾಡಿದವನು. ಹೊಸ ಬೋರ್ಡ್ ಎಷ್ಟು ಚಂದ ಹೊರಗೆ ಹೋಗುತ್ತದೆ, ಎರಡು ಸೀಸನ್ ಆದಮೇಲೆ ಯಾವ ಸ್ಥಿತಿಯಲ್ಲಿ ಮೇಜಿನ ಮೇಲೆ ವಾಪಸು ಬಂದು ಮಲಗುತ್ತದೆ ಎರಡೂ ಗೊತ್ತು. ಹಾಗಾಗಿ ಎರಡೂ ಪ್ರಶ್ನೆಗೆ ಬೇರೆ ಬೇರೆಯಾಗಿ ಉತ್ತರಿಸುತ್ತೇನೆ.

3,200 ಯೂರೋ ಎಲ್ಲಿಗೆ ಹೋಗುತ್ತದೆ

ನೆದರ್ಲೆಂಡ್ಸ್‌ನಲ್ಲಿ ಮಾರಾಟ ತೆರಿಗೆ 21 ಪರ್ಸೆಂಟ್. 3,200ರಲ್ಲಿ ಸುಮಾರು 555 ಯೂರೋ ಸರ್ಕಾರಕ್ಕೆ. ಉಳಿದದ್ದು 2,645. ಇದರಲ್ಲಿ ಸಾಮಾನಿಗೆ 750ರ ಆಸುಪಾಸು ಹೋಗುತ್ತದೆ. ಒಳಗಿನ ಇಪಿಎಸ್ (ಥರ್ಮೋಕೋಲ್) ಬ್ಲಾಕು, ಅದರ ಮೇಲೆ ಹೊದಿಸುವ ಮೂರು ಮಿಲಿಮೀಟರಿನ ಗಟ್ಟಿ ಪಿವಿಸಿ ಫೋಮ್ ಹಾಳೆ, ಕಾರ್ಬನ್ ಬಟ್ಟೆ, ಗ್ಲಾಸ್ (ಫೈಬರ್‌ಗ್ಲಾಸ್) ಬಟ್ಟೆ, ಎಪಾಕ್ಸಿ ಎಂಬ ರೆಸಿನ್ (ಗಟ್ಟಿಯಾಗುವ ಅಂಟು), ಫಿನ್ ಬಾಕ್ಸು, ಮಾಸ್ಟ್ ಟ್ರ್ಯಾಕು, ಸ್ಟ್ರ್ಯಾಪು ಕೂರಿಸುವ ಪ್ಲಗ್ಗು, ಪ್ಯಾಡು, ಬಣ್ಣ. ಇವೆಲ್ಲ ಬೋರ್ಡಿನಲ್ಲಿ ಉಳಿಯುವ ಸಾಮಾನು. ವ್ಯಾಕ್ಯೂಮ್ ಚೀಲ, ಹೆಚ್ಚಿನ ರೆಸಿನ್ ಹೀರುವ ಬಟ್ಟೆ, ಗ್ಲೌಸು, ಬ್ರಶ್ಶು, ಸ್ಯಾಂಡ್‌ಪೇಪರು ಕಸದ ಬುಟ್ಟಿಗೆ ಹೋಗುವವು. ಅವಕ್ಕೂ ದುಡ್ಡು.

ಕೈಯಲ್ಲಿ ಉಳಿದದ್ದು 1,900 ಯೂರೋ ಅಂದುಕೊಳ್ಳಿ. ಇಂಥ ಒಂದು ಬೋರ್ಡಿಗೆ 35 ಗಂಟೆ ಕೆಲಸ ಹಿಡಿದರೆ ಗಂಟೆಗೆ 54 ಯೂರೋ. ಅದರಲ್ಲೇ ಶೆಡ್ಡಿನ ಬಾಡಿಗೆ, ಕರೆಂಟು, ವಿಮೆ, ಆದಾಯ ತೆರಿಗೆ, ಆಗಾಗ ಕೆಟ್ಟುಹೋಗುವ ಒಂದೊಂದು ಬೋರ್ಡಿನ ನಷ್ಟ. ನಿಮ್ಮ ಮನೆ ನಲ್ಲಿ ಸೋರಿದಾಗ ಬರುವ ಪ್ಲಂಬರ್ ಇದಕ್ಕಿಂತ ಜಾಸ್ತಿ ಬಿಲ್ ಮಾಡುತ್ತಾನೆ, ಅಲ್ವಾ? ಸುಲಿಗೆ ಮಾಡಬೇಕೆಂದು ಹೊರಟವನು ಈ ಕಸುಬಿಗೆ ಬರುವುದಿಲ್ಲ.

35 ಗಂಟೆ ಯಾಕೆ ಬೇಕು? ಫೋಮ್ ಕತ್ತರಿಸಿ ಆಕಾರ ಕೊಡುವುದು ಎಲ್ಲರ ಕಣ್ಣಿಗೆ ಕಾಣುವ ಭಾಗ, ಆದರೆ ಅದು ಬೇಗ ಮುಗಿಯುತ್ತದೆ. ಈಗಂತೂ ಬಹಳ ಶೇಪರ್‌ಗಳು ಒರಟು ಆಕಾರವನ್ನು ಮಷೀನಿನಲ್ಲೇ ಕತ್ತರಿಸಿಕೊಳ್ಳುತ್ತಾರೆ. ಹೊತ್ತು ತಿನ್ನುವುದು ಆಮೇಲಿನ ಕೆಲಸ. ಕೆಳಗಿನ ಪದರ ಹಾಕಿ, ಚೀಲದಲ್ಲಿಟ್ಟು, ಗಾಳಿ ಎಳೆದು ರಾತ್ರಿಯಿಡೀ ಬಿಡಬೇಕು. ಮಾರನೇ ದಿನ ತಿರುಗಿಸಿ ಮೇಲಿನ ಪದರ. ಆಮೇಲೆ ಅಂಚು ಸುತ್ತುವುದು. ಆಮೇಲೆ ಫಿನ್ ಬಾಕ್ಸಿಗೆ ಗುಳಿ ತೆಗೆದು ಕೂರಿಸುವುದು. ಅದು ಅರ್ಧ ಡಿಗ್ರಿ ಓರೆಯಾದರೂ ಬೋರ್ಡ್ ಒಂದು ಕಡೆಗೇ ಎಳೆಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಉಜ್ಜುವುದಕ್ಕೆ. ಸ್ಲಾಲಂ ಬೋರ್ಡಿನಲ್ಲಿ ಹಿಂದಿನ ಅರ್ಧ ಮೀಟರ್ ತಳವೇ ಪ್ರಾಣ. ವೇಗದಲ್ಲಿ ಹೋಗುವಾಗ ನೀರಿಗೆ ತಾಗುವುದು ಅಷ್ಟೇ. ಅಲ್ಲಿ ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ಆಚೆ ಬದಿಯಿಂದ ಟಾರ್ಚ್ ಬಿಟ್ಟು ನೋಡುತ್ತೇವೆ. ಸ್ಕೇಲಿನ ಕೆಳಗೆ ಬೆಳಕು ಸೋರಿದರೆ ಅಲ್ಲಿ ತಗ್ಗಿದೆ. ತುಂಬಿಸಿ, ಒಣಗಿಸಿ, ಮತ್ತೆ ಉಜ್ಜಬೇಕು. ಹಾಗಂತ ಜೋರಾಗಿ ಉಜ್ಜುವ ಹಾಗೂ ಇಲ್ಲ. ಕಾರ್ಬನ್ ಪದರ ಅರ್ಧ ಮಿಲಿಮೀಟರೂ ಇರುವುದಿಲ್ಲ. ನೀರು ಹಾಕಿ ಉಜ್ಜುವಾಗ ಬಿಳಿಯಾಗಿ ಹರಿಯುತ್ತಿದ್ದ ನೀರು ಬೂದು ಬಣ್ಣಕ್ಕೆ ತಿರುಗಿದರೆ ಕೈ ತಕ್ಷಣ ನಿಲ್ಲಬೇಕು. ಎಪಾಕ್ಸಿ ಮುಗಿದು ನೂಲು ಸವೆಯಲು ಶುರುವಾಗಿದೆ ಎಂದು ಅರ್ಥ. ಈ ಕೆಲಸಕ್ಕೆ ಇನ್ನೂ ಅಗ್ಗದ ದಾರಿ ಸಿಕ್ಕಿಲ್ಲ.

ಥಾಯ್ಲೆಂಡಿನ ಕಥೆ

ನಿಮ್ಮ ಕ್ಲಬ್ಬಿನವರು ಹೇಳಿದ್ದು ಅರ್ಧ ನಿಜ. ಥಾಯ್ಲೆಂಡಿನ ಚೊನ್‌ಬುರಿ ಪ್ರಾಂತದಲ್ಲಿ ಕೋಬ್ರಾ ಎಂಬ ಕಂಪನಿ ಇದೆ. 1978ರಿಂದ ನಡೆಯುತ್ತಿದೆ. ಅಂಗಡಿಯಲ್ಲಿ ಒಂದಕ್ಕೊಂದು ಪೈಪೋಟಿ ಮಾಡುವ ಎಷ್ಟೋ ಬ್ರಾಂಡುಗಳ ಬೋರ್ಡ್ ತಯಾರಾಗುವುದು ಅಲ್ಲೇ. ಆದರೆ ಒಂದೇ ಸೂರಿನಡಿ ಆದದ್ದೆಲ್ಲ ಒಂದೇ ಬೋರ್ಡ್ ಅಲ್ಲ. ಆಕಾರ ಬ್ರಾಂಡಿನ ಶೇಪರ್‌ನದು. ಯಾವ ಬಟ್ಟೆ, ಎಷ್ಟು ಪದರ, ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದೂ ಬ್ರಾಂಡ್ ಕೊಟ್ಟ ಲೆಕ್ಕದಂತೆಯೇ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಫ್ಯಾಕ್ಟರಿ ಬೋರ್ಡೂ ಕೈಯಲ್ಲೇ ಮಾಡಿದ್ದು. ಬಟ್ಟೆ ಹಾಸುವುದು, ರೆಸಿನ್ ಸವರುವುದು, ಚೀಲ ಮುಚ್ಚುವುದು, ಉಜ್ಜುವುದು, ಬಣ್ಣಕ್ಕೆ ಟೇಪು ಅಂಟಿಸುವುದು ಎಲ್ಲವೂ ಮನುಷ್ಯರದೇ ಕೆಲಸ. ಹಾಯಿಯೂ ಹಾಗೇ. ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಎಜ್ಜಿ ಬ್ರಾಂಡಿನ ಹಾಯಿಗಳು ತಯಾರಾಗುತ್ತವೆ. ಫಿಲ್ಮ್ ತುಂಡುಗಳನ್ನು ಮಷೀನು ಕತ್ತರಿಸುತ್ತದೆ, ಆದರೆ ಉಬ್ಬು ಬರುವಂತೆ ಅವನ್ನು ಜೋಡಿಸಿ ಹೊಲಿಯುವುದು ಹೊಲಿಗೆ ಯಂತ್ರದ ಮುಂದೆ ಕೂತ ಜನ. ಹಾಗಾಗಿ 'ಕೈಯಲ್ಲಿ ಮಾಡಿದ್ದು' ಎಂಬ ಮಾತಿಗೇ ದುಡ್ಡು ಕೊಡಬೇಡಿ. ವ್ಯತ್ಯಾಸ ಇರುವುದು ಬೇರೆ ಕಡೆ. ಫ್ಯಾಕ್ಟರಿಯಲ್ಲಿ ಅಚ್ಚು ಇದೆ. ಅಚ್ಚಿನಿಂದ ನೂರನೆಯ ಬೋರ್ಡೂ ಮೊದಲನೆಯದರ ಹಾಗೇ ಬರುತ್ತದೆ. ಶೇಪರ್ ಹತ್ತಿರ ಅಚ್ಚು ಇಲ್ಲ. ನಿಮ್ಮದು ಒಂದೇ. ಚೆನ್ನಾಗಿ ಬಂದರೆ ಅದ್ಭುತ. ಸ್ವಲ್ಪ ಆಚೀಚೆ ಆದರೆ ಅದೂ ನಿಮ್ಮದೇ.

ಹಾಗಾದರೆ ಅಷ್ಟು ಬೋರ್ಡ್ ಮಾಡುವ ಫ್ಯಾಕ್ಟರಿಯ ಬೆಲೆ ಯಾಕೆ ಕಡಿಮೆ ಇಲ್ಲ? ದೊಡ್ಡ ಬ್ರಾಂಡಿನ ಪೂರ್ತಿ ಕಾರ್ಬನ್ ಸ್ಲಾಲಂ ಬೋರ್ಡಿನ ಪಟ್ಟಿಬೆಲೆಯೂ ಎರಡೂವರೆ, ಮೂರು ಸಾವಿರ ಯೂರೋ ಹತ್ತಿರವೇ ಇದೆ. ಕಾರಣ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಈ ಆಟ ಶುರುವಾದಾಗ ಒಂದೇ ಮಾದರಿ ಇತ್ತು. ಕ್ಯಾಲಿಫೋರ್ನಿಯಾದ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ 'ವಿಂಡ್‌ಸರ್ಫರ್' ಅದು. ನೀವಿರುವ ನೆದರ್ಲೆಂಡ್ಸ್‌ನಲ್ಲೇ ಟೆನ್ ಕಾಟೆ ಎಂಬ ಜವಳಿ ಕಂಪನಿ 1970ರ ದಶಕದಲ್ಲಿ ಲೈಸೆನ್ಸ್ ತೆಗೆದುಕೊಂಡು ಅದನ್ನು ಯುರೋಪಿಗೆಲ್ಲ ಮಾರಿತು. ಪಾಲಿಥೀನ್ ಪ್ಲಾಸ್ಟಿಕ್ಕಿನ ಬೋರ್ಡು, ಎಲ್ಲರಿಗೂ ಒಂದೇ. 1976ರಲ್ಲಿ ಬಹಾಮಾಸ್‌ನಲ್ಲಿ 13 ವರ್ಷದ ರಾಬಿ ನೇಶ್ ವಿಶ್ವ ಚಾಂಪಿಯನ್ ಆದದ್ದು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಮಾದರಿಯ ಮೇಲೆ.

ಈಗ ಆಡುವವರು ಆ ಕಾಲದ ಅಬ್ಬರಕ್ಕಿಂತ ಕಡಿಮೆ, ಮಾದರಿಗಳು ಮಾತ್ರ ಜಾಸ್ತಿ. ಒಂದೇ ಬ್ರಾಂಡಿನಲ್ಲಿ ಸ್ಲಾಲಂ, ಫ್ರೀರೇಸ್, ಫ್ರೀರೈಡ್, ಅಲೆ, ಫ್ರೀಸ್ಟೈಲ್, ಫಾಯಿಲ್ (ನೀರಿನಡಿಯ ರೆಕ್ಕೆಯ ಬಲದಿಂದ ಮೇಲೇಳುವ ಬೋರ್ಡ್). ಪ್ರತಿಯೊಂದರಲ್ಲೂ ಮೂರೋ ನಾಲ್ಕೋ ಅಳತೆ. ಪ್ರತಿ ಅಳತೆಗೂ ಒಂದು ಅಚ್ಚು. ಒಂದೆರಡು ವರ್ಷಕ್ಕೆ ಆಕಾರ ಬದಲಾಯಿಸಿದರೆ ಹಳೆ ಅಚ್ಚು ಮೂಲೆಗೆ. ಅಚ್ಚಿನ ಖರ್ಚನ್ನು ಕೆಲವೇ ಬೋರ್ಡುಗಳ ಮೇಲೆ ಹಂಚಬೇಕು. ಅದರ ಮೇಲೆ ಕಂಟೇನರ್ ಬಾಡಿಗೆ, ಆಮದುದಾರರ ಪಾಲು, ಅಂಗಡಿಯವರ ಪಾಲು, ಸ್ಪರ್ಧಿಗಳ ಪ್ರಾಯೋಜಕತ್ವ. 2021ರಲ್ಲಿ ಏಷ್ಯಾದಿಂದ ಯುರೋಪಿಗೆ ಕಂಟೇನರ್ ಬಾಡಿಗೆ ಹುಚ್ಚಾಪಟ್ಟೆ ಏರಿತು, ರೆಸಿನ್ ಬೆಲೆಯೂ ಏರಿತು. ಆಮೇಲೆ ಬಾಡಿಗೆ ಇಳಿಯಿತು. ಬೋರ್ಡಿನ ಬೆಲೆ ಇಳಿಯಲಿಲ್ಲ! ಅಲ್ಲಿ ಬೇಕಾದರೆ ಬ್ರಾಂಡುಗಳ ಮೇಲೆ ಗೊಣಗಬಹುದು. ಶೇಪರ್‌ಗೆ ಮಧ್ಯವರ್ತಿ ಇಲ್ಲ, ಆದರೆ ಸಗಟು ಲಾಭವೂ ಇಲ್ಲ. ಎರಡು ದಾರಿಯೂ ಸುತ್ತಿ ಬಂದು ಹೆಚ್ಚುಕಡಿಮೆ ಒಂದೇ ಬೆಲೆಗೆ ಮುಟ್ಟುತ್ತವೆ.

ಕಾರ್ಬನ್ನಿನ ಬೆಲೆ ಬಗ್ಗೆಯೂ ಒಂದು ಮಾತು. ಅಕ್ರಿಲಿಕ್ ಜಾತಿಯ ನೂಲನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಕಾಯಿಸಿ, ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಸುಟ್ಟರೆ ಕಾರ್ಬನ್ ನೂಲು ಆಗುತ್ತದೆ. ಬೆಲೆಯ ದೊಡ್ಡ ಪಾಲು ಆ ನೂಲಿನದು ಮತ್ತು ಕುಲುಮೆಯ ಕರೆಂಟಿನದು. ಮಾಸ್ಟಿಗೆ ರೆಸಿನ್ ತುಂಬಿದ ಈ ಕಾರ್ಬನ್ ಪಟ್ಟಿಯನ್ನು ಉಕ್ಕಿನ ಕೋಲಿಗೆ ಸುತ್ತಿ, ಮೇಲೆ ಬಿಗಿ ಟೇಪು ಸುತ್ತಿ, ಓವನ್ನಿನಲ್ಲಿ ಬೇಯಿಸುತ್ತಾರೆ. ನೂರು ಪರ್ಸೆಂಟ್ ಕಾರ್ಬನ್ನಿಗೂ 75 ಪರ್ಸೆಂಟಿಗೂ ತೂಕದಲ್ಲಿ ಕೆಲವು ನೂರು ಗ್ರಾಂ ವ್ಯತ್ಯಾಸ. ಬೆಲೆ ಮಾತ್ರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ.

ಜೀವನಪೂರ್ತಿ ಬಾಳುತ್ತಾ?

ಇಲ್ಲ. ಇದು ಶುದ್ಧ ಸುಳ್ಳು, ಮತ್ತು ಇದನ್ನು ನಂಬಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ದುಬಾರಿ ಬೋರ್ಡ್ ಅಂದರೆ ಹಗುರ ಬೋರ್ಡ್. ಹಗುರ ಅಂದರೆ ತೆಳು. ತೆಳು ಅಂದರೆ ನಾಜೂಕು. ಕಾರ್ಬನ್ ಬಿಗಿಯಾಗಿದೆ, ಆದರೆ ಏಟು ಬಿದ್ದಾಗ ಬಾಗಿ ತಾಳಿಕೊಳ್ಳುವ ಗುಣ ಗ್ಲಾಸ್ ಬಟ್ಟೆಗೆ ಇದ್ದಷ್ಟು ಅದಕ್ಕಿಲ್ಲ. ಮಿತಿ ದಾಟಿದರೆ ಟಪ್ ಎಂದು ಒಡೆಯುತ್ತದೆ.

ನಮ್ಮ ಮೇಜಿಗೆ ಬರುವ ಸ್ಲಾಲಂ ಬೋರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಗಾಯ ಮೂತಿಯದು. ಸವಾರ ವೇಗದಲ್ಲಿ ಹೋಗುವಾಗ ಹಾರ್ನೆಸ್ ಸಮೇತ ಮುಂದಕ್ಕೆ ಎಗರಿ ಬೀಳುತ್ತಾನೆ, ಮಾಸ್ಟ್ ಅವನ ತೂಕದ ಜೊತೆ ಬೋರ್ಡಿನ ಮೂತಿಗೆ ಬಡಿಯುತ್ತದೆ. ಅಂಗೈ ಅಗಲದ ಗುಳಿ, ಸುತ್ತ ಕೂದಲೆಳೆಯಂಥ ಬಿರುಕು. ರಿಪೇರಿಗೆ 150ರಿಂದ 250 ಯೂರೋ. ಆ ಬಿರುಕನ್ನು ಅಲಕ್ಷ್ಯ ಮಾಡಿ ಇನ್ನೂ ಎರಡು ಸಲ ನೀರಿಗೆ ಹೋದರೆ ಒಳಗಿನ ಫೋಮಿಗೆ ನೀರು ಹೊಕ್ಕು ಖರ್ಚು ಬೆಳೆಯುತ್ತದೆ. ಜೈಬ್ ಕಲಿಯುತ್ತಿರುವವರಿಗೆ ಈ ಬೀಳುವಿಕೆ ಮಾಮೂಲು. ನಿಮ್ಮ ಪತ್ರದ 'ಹತ್ತರಲ್ಲಿ ಏಳು' ಓದಿದಾಗ ನನಗೆ ಮೊದಲು ಕಂಡದ್ದು ಆ ಮೂತಿ.

ಮಾಸ್ಟೂ ಅಷ್ಟೆ. ಬೂಮ್ ಕಚ್ಚುವ ಜಾಗದಲ್ಲಿ, ಇಲ್ಲವೇ ಕೆಳತುದಿಯಲ್ಲಿ ಎಕ್ಸ್‌ಟೆನ್ಷನ್ ಸರಿಯಾಗಿ ಕೂರದೆ ಸಂದು ಉಳಿದ ಕಡೆ ಮುರಿಯುತ್ತದೆ. ನೂರು ಪರ್ಸೆಂಟ್ ಕಾರ್ಬನ್ನಿನ ಗೋಡೆ ತೆಳು. ಮರಳಿನ ಗೀರು ಸಾಕು.

ವೇಗ ಬರುತ್ತಾ?

ವೃತ್ತಿಪರ ವಿಂಡ್‌ಸರ್ಫರ್‌ಗಳ ಸಂಘವಾದ ಪಿಡಬ್ಲ್ಯುಎ ನಡೆಸುವ ಸ್ಪರ್ಧಾಸರಣಿಯಲ್ಲಿ ಒಂದು ನಿಯಮ ಇದೆ. ಸ್ಲಾಲಂ ಸ್ಪರ್ಧೆಗೆ ಮಾರಾಟಕ್ಕೆಂದು ತಯಾರಾಗಿ ನೋಂದಣಿಯಾದ ಬೋರ್ಡ್ ಮಾತ್ರ ತರಬೇಕು. ಒಬ್ಬರಿಗೆಂದೇ ಕಟ್ಟಿದ ಬೋರ್ಡಿಗೆ ಜಾಗ ಇರುವುದು ಅಲೆಯ ಸ್ಪರ್ಧೆಯಲ್ಲಿ. ಅಂದರೆ ಜಗತ್ತಿನ ಅತಿ ವೇಗದ ಸ್ಲಾಲಂ ಸವಾರರು ಓಡಿಸುತ್ತಿರುವುದು ನೀವೂ ಅಂಗಡಿಯಲ್ಲಿ ಕೊಳ್ಳಬಹುದಾದ ಆಕಾರವನ್ನೇ. ಬೋರ್ಡ್ ಫ್ಯಾಕ್ಟರಿಯದ್ದು ಎಂಬ ಕಾರಣಕ್ಕೆ ನಿಮ್ಮ ವೇಗ ತಗ್ಗುತ್ತಿಲ್ಲ.

112 ಲೀಟರಿನ ಕಸ್ಟಮ್ ಬೋರ್ಡ್ ಫ್ಯಾಕ್ಟರಿಯದಕ್ಕಿಂತ ಅರ್ಧ ಕಿಲೊ, ಬಹಳವೆಂದರೆ ಮುಕ್ಕಾಲು ಕಿಲೊ ಹಗುರ ಬರಬಹುದು. ಒದ್ದೆಯಾದ ವೆಟ್‌ಸೂಟು, ಹಾರ್ನೆಸ್ಸು ಸೇರಿ ನಿಮ್ಮ ಮೇಲೇ ಕೆಲವು ಕಿಲೊ ಹೆಚ್ಚಿರುತ್ತದೆ. ಗಾಳಿ ಕಡಿಮೆ ಇರುವಾಗ ಬೋರ್ಡ್ ನೀರಿನಿಂದ ಏಳುವ ಕ್ಷಣದಲ್ಲಿ ಆ ಅರ್ಧ ಕಿಲೊ ನುರಿತವರ ಕಾಲಿಗೆ ಗೊತ್ತಾಗುತ್ತದೆ, ಒಪ್ಪುತ್ತೇನೆ. ನಿಮಗೆ ಅಷ್ಟೊಂದು ಅಲ್ಲ. ಇನ್ನೂ ಒಂದು ವಿಷಯ. ಪಕ್ಕಾ ಸ್ಲಾಲಂ ಬೋರ್ಡಿನ ಹಿಂಭಾಗ ಅಗಲ, ಅಂಚು ಚೂಪು, ಸ್ಟ್ರ್ಯಾಪುಗಳು ತೀರಾ ಅಂಚಿನಲ್ಲಿ. ನೇರ ಹೋಗುವಾಗ ಹಾರುತ್ತದೆ. ಜೈಬಿಗೆ ಹೋದಾಗ ವೇಗ ಕಡಿಮೆಯಾದರೆ ಕ್ಷಮಿಸುವುದಿಲ್ಲ. ಹತ್ತರಲ್ಲಿ ಏಳು ಬೀಳುವವರು ಅದರ ಮೇಲೆ ಒಂಬತ್ತು ಬೀಳುತ್ತಾರೆ.

ಅದೇ ದುಡ್ಡಿನ ಸ್ವಲ್ಪ ಭಾಗ ಫಿನ್ನಿಗೆ, ಮಾಸ್ಟಿಗೆ ಹೋದರೆ ಫಲ ಕಣ್ಣಿಗೆ ಕಾಣುತ್ತದೆ. ಮಾಸ್ಟಿನಲ್ಲಿ ಮುಖ್ಯವಾದದ್ದು ಕಾರ್ಬನ್ ಪರ್ಸೆಂಟ್ ಅಲ್ಲ, ಬಾಗುವ ಬಗೆ. ಕೆಲವು ಮಾಸ್ಟಿನ ತುದಿ ಬಿಗಿ, ಕೆಲವದು ಸಡಿಲ, ಕೆಲವು ಉದ್ದಕ್ಕೂ ಸಮ. ಹಾಯಿಯ ಮುಂಭಾಗದ ಹೊಲಿಗೆಯನ್ನು ಒಂದು ಬಗೆಗೆ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಬೇರೆ ಬಗೆಯ 900 ಯೂರೋ ಮಾಸ್ಟ್ ಹಾಕಿದರೆ, ಸರಿಯಾದ 350 ಯೂರೋ ಮಾಸ್ಟಿಗಿಂತ ಕೆಟ್ಟದಾಗಿ ನಿಲ್ಲುತ್ತದೆ. ಕ್ಯಾಂಬರುಗಳು ತಿರುಗುವುದೇ ಇಲ್ಲ, ಕೆಳಗೆ ಎಷ್ಟು ಎಳೆದು ಕಟ್ಟಿದರೂ ಹಾಯಿಯ ಮೇಲ್ತುದಿ ಸಡಿಲವಾಗುವುದಿಲ್ಲ. ಹಾಯಿಯ ಬುಡದಲ್ಲಿ ಬರೆದಿರುವ ಮಾಸ್ಟ್ ಉದ್ದ ಮತ್ತು ಐಎಂಸಿಎಸ್ ಸಂಖ್ಯೆ (ಮಾಸ್ಟ್ ಎಷ್ಟು ಬಿಗಿ ಎಂಬ ಅಳತೆ) ನೋಡಿ. 460 ಸೆಂಟಿಮೀಟರಿನದಕ್ಕೆ ಸಾಮಾನ್ಯವಾಗಿ 25 ಇರುತ್ತದೆ. ಬಾಗುವ ಬಗೆಯನ್ನು ಬ್ರಾಂಡಿನವರನ್ನು ಕೇಳಿ ತಿಳಿದುಕೊಳ್ಳಿ.

ಫಿನ್ ವಿಷಯದಲ್ಲಿ ನಿಮ್ಮ ಪಟ್ಟಿ ನೋಡಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಆಡುವುದು ಐಮೇರ್, ಮಾರ್ಕರ್‌ಮೇರ್ ಸರೋವರಗಳಲ್ಲಿ. ಅಲ್ಲಿ ಬೇಸಿಗೆ ಬಂತೆಂದರೆ ನೀರಿನಡಿ ಪಾಚಿಗಿಡ ಎದ್ದು ನಿಲ್ಲುತ್ತದೆ. 450 ಯೂರೋ ಕೊಟ್ಟು ನೆಟ್ಟಗೆ ಕೆಳಗಿಳಿಯುವ 42 ಸೆಂಟಿಮೀಟರಿನ ಸ್ಲಾಲಂ ಫಿನ್ ಹಾಕಿದರೆ ಜುಲೈನಲ್ಲಿ ಮೂರು ನಿಮಿಷಕ್ಕೊಮ್ಮೆ ಹುಲ್ಲು ಸುತ್ತಿಕೊಂಡು ನಿಲ್ಲುತ್ತೀರಿ. ನಿಮಗೆ ಬೇಕಾದದ್ದು ಹಿಂದಕ್ಕೆ ವಾಲಿದ ವೀಡ್ ಫಿನ್. ಜಿ10 ಎಂಬ ಗ್ಲಾಸ್-ಎಪಾಕ್ಸಿ ಹಲಗೆಯಿಂದ ಮಷೀನಿನಲ್ಲಿ ಕೊರೆದ ಒಳ್ಳೆಯ ವೀಡ್ ಫಿನ್ 200ರ ಹತ್ತಿರಕ್ಕೆ ಸಿಗುತ್ತದೆ. ಕೈಯಲ್ಲಿ ಮಾಡಿದ ಕಾರ್ಬನ್ ಫಿನ್ನಿನ ಹೆಚ್ಚುಗಾರಿಕೆ ಇರುವುದು ಅದರ ತುದಿ ಎಷ್ಟು ಬಾಗಬೇಕು, ಎಷ್ಟು ತಿರುಚಿಕೊಳ್ಳಬೇಕು ಎಂದು ಹೊಂದಿಸುವುದರಲ್ಲಿ. ಅದು ರೇಸಿನಲ್ಲಿ ಕೊನೆಯ ಒಂದೆರಡು ನಾಟ್ ವೇಗಕ್ಕೆ ಹೊಡೆದಾಡುವವರ ವಿಷಯ.

ಹಾಗಾದರೆ ಏನು ಮಾಡಬಹುದು

ನಾನು ನಿಮ್ಮ ಜಾಗದಲ್ಲಿದ್ದರೆ ಎರಡು ಮೂರು ವರ್ಷ ಹಳೆಯ ಫ್ರೀರೇಸ್ ಬೋರ್ಡ್ ಹುಡುಕುತ್ತಿದ್ದೆ. ಸ್ಲಾಲಂ ಬೋರ್ಡಿನ ತಮ್ಮ ಅದು, ವೇಗ ಹೆಚ್ಚುಕಡಿಮೆ ಅಷ್ಟೇ, ಸಿಟ್ಟು ಕಡಿಮೆ. ಈಗ ಬಹಳ ಜನ ಫಾಯಿಲಿಗೂ, ಕೈಯಲ್ಲೇ ಹಿಡಿಯುವ ಹಾಯಿಯ ವಿಂಗಿಗೂ ಹೋಗಿರುವುದರಿಂದ ಫಿನ್ ಬೋರ್ಡುಗಳು ಮಾರ್ಕ್‌ಟ್‌ಪ್ಲಾಟ್ಸ್‌ (ಹಳೆ ಸಾಮಾನು ಮಾರುವ ಅಲ್ಲಿನ ಜಾಲತಾಣ) ನಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತಿವೆ. ಬೋರ್ಡ್ 1,100, ಎರಡು ಕ್ಯಾಂಬರಿನ ಹಾಯಿ 450, ಹೊಂದುವ 75 ಪರ್ಸೆಂಟಿನ ಮಾಸ್ಟ್ 320, ಹಳೆಯ ಕಾರ್ಬನ್ ಬೂಮ್ 420, ಹೊಸ ವೀಡ್ ಫಿನ್ 230, ಬೇಸು ಮತ್ತು ಎಕ್ಸ್‌ಟೆನ್ಷನ್ 150. ಅಂದಾಜು 2,670 ಆಯಿತು. ಬೂಮಿನ ಮೇಲೆ ಜಿಪುಣತನ ಬೇಡ. 7.8ರ ಅಗಲಕ್ಕೆ ಅಲ್ಯೂಮಿನಿಯಂ ಬೂಮ್ ಗಾಳಿ ಒಮ್ಮೆಲೇ ಜೋರಾದಾಗ ಬಾಗುತ್ತದೆ, ಹಾಯಿ ಅದರ ಜೊತೆ ಕುಣಿಯುತ್ತದೆ. ಉಳಿದ ದುಡ್ಡಿನಲ್ಲಿ ಒಂದು ವಾರ ಒಳ್ಳೆಯ ಕೋಚ್ ಹತ್ತಿರ ಬರೀ ಜೈಬ್ ಕಲಿಯಿರಿ. ನಿಮ್ಮ ವೇಗಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಯಾವ ಕಾರ್ಬನ್ನೂ ಮಾಡುವುದಿಲ್ಲ.

ಹಳೆಯದರಲ್ಲಿ ಅಪಾಯ ಇದೆ, ಅದನ್ನು ತಿಳಿದೇ ಹೋಗಿ. ತೂಕದ ಕೊಕ್ಕೆ ಒಯ್ದು ಬೋರ್ಡ್ ತೂಗಿ. ಕಂಪನಿ ಹೇಳಿದ್ದಕ್ಕಿಂತ ಅರ್ಧ ಕಿಲೊಗೂ ಹೆಚ್ಚಿದ್ದರೆ ಒಳಗೆ ನೀರಿದೆ, ಇಲ್ಲವೇ ಯಾರೋ ದೊಡ್ಡ ರಿಪೇರಿ ಮಾಡಿದ್ದಾರೆ. ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ. ಮೆತ್ತಗಿದ್ದರೆ ಪದರ ಬಿಟ್ಟಿದೆ. ನಾಣ್ಯದಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಸದ್ದು ಎಲ್ಲಾದರೂ ಡಬ್ ಅಂದರೆ ಅಲ್ಲಿ ನಿಲ್ಲಿ. ಫಿನ್ ಬಾಕ್ಸಿನ ಸುತ್ತ ಬಿರುಕು ನೋಡಿ. ಪೂರ್ತಿ ಹೊಸ ಬಣ್ಣ ಹೊಡೆದ ಬೋರ್ಡಾದರೆ ಸುಮ್ನೆ ಬೈ ಹೇಳಿ ಬನ್ನಿ. ಹಾಯಿಯ ಪಾರದರ್ಶಕ ಫಿಲ್ಮ್ ಬಿಸಿಲಿಗೆ ಹಳಸಿದ್ದರೆ ಮಡಚುವಾಗ ಚರಚರ ಅನ್ನುತ್ತದೆ.

ಕಸ್ಟಮ್ ಯಾರಿಗೆ ಸರಿ? 55 ಕಿಲೊಗಿಂತ ಕಡಿಮೆ ಅಥವಾ 100ಕ್ಕಿಂತ ಜಾಸ್ತಿ ತೂಕದವರಿಗೆ, ಯಾಕೆಂದರೆ ಫ್ಯಾಕ್ಟರಿ ಅಳತೆಗಳು ನಡುವಿನವರನ್ನು ನೋಡಿ ಮಾಡಿದವು. ಒಂದೇ ಕಡಲತೀರದ ಒಂದೇ ಬಗೆಯ ಅಲೆಯಲ್ಲಿ ವರ್ಷವಿಡೀ ಆಡುವವರಿಗೆ. ಮೊಣಕಾಲು ನೋವಿಗೆ ಸ್ಟ್ರ್ಯಾಪಿನ ಜಾಗ ಬೇರೆ ಬೇಕಾದವರಿಗೆ. ತನ್ನ ಹಳೆಯ ಬೋರ್ಡಿನಲ್ಲಿ ಏನು ಸರಿಯಿಲ್ಲ ಎಂದು ಶೇಪರ್‌ಗೆ ಎರಡು ವಾಕ್ಯದಲ್ಲಿ ಹೇಳಬಲ್ಲವರಿಗೆ. ಈ ಕೊನೆಯದು ನನ್ನ ಮಟ್ಟಿಗೆ ದೊಡ್ಡ ಪರೀಕ್ಷೆ. 84 ಕಿಲೊ ನೀವು ಸರಿಯಾಗಿ ಫ್ಯಾಕ್ಟರಿಯ ನಡುಮಧ್ಯೆ ಕೂರುತ್ತೀರಿ. 'ಸ್ಲಾಲಂ ಬೇಕು' ಎಂದಷ್ಟೇ ಹೇಳಿದರೆ ಶೇಪರ್ ಸುರಕ್ಷಿತವಾಗಿ ಫ್ಯಾಕ್ಟರಿ ಬೋರ್ಡಿನಂಥದನ್ನೇ ಕಟ್ಟಿಕೊಡುತ್ತಾರೆ.

ಮನಸ್ಸು ಅಲ್ಲೇ ಇದ್ದರೆ, ಇರಲಿ. ಕೈಯಲ್ಲಿ ಕಟ್ಟಿದ ವಸ್ತುವಿನ ಮೇಲೆ ಆಸೆ ತಪ್ಪಲ್ಲ, ನನ್ನ ಹೊಟ್ಟೆ ತುಂಬಿದ್ದೂ ಅದರಿಂದಲೇ. ಆದರೆ ಪೂರ್ತಿ ಕಾರ್ಬನ್ ಬೇಡ. ಮೇಲೆ ಕಾರ್ಬನ್ನಿನ ಜೊತೆ ಗ್ಲಾಸ್ ಬಟ್ಟೆ, ಹಿಮ್ಮಡಿ ಮತ್ತು ಮೂತಿಗೆ ಒಂದು ಪದರ ಹೆಚ್ಚು, ಆಕಾರ ಫ್ರೀರೇಸ್ ಎಂದು ಕೇಳಿ. ಸ್ವಲ್ಪ ತೂಕ ಏರುತ್ತದೆ, ಬೆಲೆ ಇಳಿಯುತ್ತದೆ, ಬಾಳಿಕೆ ಬರುತ್ತದೆ. ಯಾವ ತಿಂಗಳು ಕೈಗೆ ಸಿಗುತ್ತದೆ, ತೂಕ ಎಷ್ಟು ಹೆಚ್ಚುಕಡಿಮೆ ಆಗಬಹುದು, ಪದರ ಬಿಟ್ಟರೆ ಯಾರ ಖರ್ಚು, ಈ ಮೂರನ್ನು ಮುಂಗಡ ಕೊಡುವ ಮೊದಲು ಬರಹದಲ್ಲಿ ತೆಗೆದುಕೊಳ್ಳಿ. ಶೇಪರ್‌ಗಳು ಒಳ್ಳೆಯವರು, ಆದರೆ ಹೇಳಿದ ತಾರೀಖಿಗೆ ಕೊಡುವವರು ಅಪರೂಪ. ಮುಂದೆ ಮಾರುವಾಗ ಅರ್ಧ ಬೆಲೆಯೂ ಸಿಗಲಿಕ್ಕಿಲ್ಲ ಎಂದು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬೇರೆಯವರ ಮೈಗೆ ಹೊಲಿದದ್ದನ್ನು ಕೊಳ್ಳುವವರು ಕಡಿಮೆ.

ಮಲ್ಪೆಗೆ ಒಯ್ಯುವ ವಿಚಾರ

ನಮ್ಮ ಕರಾವಳಿಯಲ್ಲಿ ಗಾಳಿ ಜೋರಾಗಿರುವುದು ಮಳೆಗಾಲದಲ್ಲಿ, ಆಗ ಕಡಲಿಗೆ ಇಳಿಯುವ ಹಾಗೇ ಇಲ್ಲ. ಬೇಸಿಗೆಯ ಮಧ್ಯಾಹ್ನದ ಕಡಲಗಾಳಿ ಚೆಂದ, ಆದರೆ ಮೆದು. ಅದಕ್ಕೆ 112 ಲೀಟರಿನ ಸ್ಲಾಲಂಗಿಂತ ದೊಡ್ಡ ಫ್ರೀರೈಡ್ ಬೋರ್ಡೇ ವಾಸಿ. ಅಲೆ ದಡದಲ್ಲೇ ಮುರಿಯುವ ದಿನ ಮಾಸ್ಟಿನ ತುದಿ ಮರಳಿಗೆ ನಾಟಿಕೊಂಡರೆ ಮುಂದಿನ ಅಲೆ ಅದನ್ನು ಮುರಿದೇ ಹೋಗುತ್ತದೆ. ನಿಮ್ಮ ಈಗಿನ ಹಳೆ ಬೋರ್ಡನ್ನು ಮಾರಬೇಡಿ, ಊರಿಗೆ ಒಯ್ಯಲು ಅದೇ ಸರಿ. ವಿಮಾನಕ್ಕೆ ಹಾಕುವ ಮೊದಲು ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನೀರಿಗಿಳಿಯುವ ಮೊದಲು ನೆನಪಿಟ್ಟು ಬಿಗಿಮಾಡಿ. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನೊಳಗೆ ಬೋರ್ಡ್ ಬಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಪದರ ಎದ್ದುಬಿಡುತ್ತದೆ.

ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಕೈಗಳು ಬಹಳ ನುರಿತವು. ಆದರೆ ದೋಣಿಗೆ ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ನಿಮ್ಮ ಬೋರ್ಡಿನ ಹೊಟ್ಟೆಯಲ್ಲಿರುವ ಇಪಿಎಸ್ ಅಂದರೆ ನಾವು ಥರ್ಮೋಕೋಲ್ ಅನ್ನುವ ವಸ್ತುವೇ. ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕರಗಿಸುತ್ತದೆ. ಚಿಕ್ಕ ತೂತು ಮುಚ್ಚಲು ಹೋಗಿ ಒಳಗೆ ತೆಂಗಿನಕಾಯಿ ಗಾತ್ರದ ಟೊಳ್ಳು ಆಗಿರುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಎಪಾಕ್ಸಿ ಮಾತ್ರ ಹಾಕಿ ಎಂದು ಹೇಳಿ, ಅದು ಊರಲ್ಲೂ ಸಿಗುತ್ತದೆ. ಡಬ್ಬದ ಮೇಲೆ ಏನು ಬರೆದಿದೆ ಎಂದು ಅನುಮಾನ ಬಂದರೆ ಟಿವಿ ಪ್ಯಾಕಿಂಗಿನ ಥರ್ಮೋಕೋಲ್ ಚೂರಿನ ಮೇಲೆ ಎರಡು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಗುಳಿ ಬಿದ್ದರೆ ಆ ಡಬ್ಬವನ್ನು ಬೋರ್ಡಿನ ಹತ್ತಿರ ತರಬೇಡಿ.